ಗೊತ್ತಿದ್ದರೆ ಸಾಲದು, ಲೆಕ್ಕವಿರಬೇಕು



ಇದು ದತ್ತಿ ಉಪನ್ಯಾಸ, ದತ್ತಿ ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ಒಂದು ಕುಟುಂಬ ತನ್ನ ದುಡಿಮೆಯಲ್ಲಿ ಒಂದಿಷ್ಟನ್ನು ತೆಗೆದಿಟ್ಟು, ಅಸಲನ್ನು ಮುಟ್ಟಬೇಡಿ, ಬರುವ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಸಿ ಎಂದು ಹೇಳಿ ಕೊಡುತ್ತದೆ. ಕೊಟ್ಟವರು ಕಾಲವಾದ ಮೇಲೂ ಅಸಲು ಹಾಗೇ ಇರುತ್ತದೆ. ಬಡ್ಡಿ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಯಾರು ಕೇಳಿದರೂ ತೋರಿಸಬೇಕಾದ ಪುಸ್ತಕ ಒಂದಿರುತ್ತದೆ. ಸಾರ್ವಜನಿಕ ಹೊಣೆಗಾರಿಕೆಯ ಬಗ್ಗೆ ಮಾತಾಡಲು ಕರೆದಿದ್ದೀರಿ. ನಾನು ಹೇಳಬೇಕಾದ ನೀತಿಯೆಲ್ಲ ಈ ದತ್ತಿಯ ಕರಾರಿನಲ್ಲೇ ಇದೆ. ನಾಡಿನ ಅಸಲನ್ನು ಯಾರೂ ತಿನ್ನಬಾರದು, ಬಡ್ಡಿಯ ಲೆಕ್ಕವನ್ನು ಯಾರೂ ಬಚ್ಚಿಡಬಾರದು.

ನಾನು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನವನು. ಬದುಕಿನ ಹೆಚ್ಚು ಭಾಗವನ್ನು ತಾಲ್ಲೂಕು ವರದಿಗಾರನಾಗಿ ಕಳೆದವನು. ರಾಜಧಾನಿಯ ಹಗರಣಗಳನ್ನು ದೂರದಿಂದ ಓದಿದ್ದೇನೆ. ನಮ್ಮ ಸೀಮೆಯವನ್ನು ಹತ್ತಿರದಿಂದ ಕಂಡಿದ್ದೇನೆ. ಕಂಡದ್ದರಿಂದ ಕಲಿತ ಒಂದೇ ಮಾತನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಚಿಕ್ಕ ಊರಿನಲ್ಲಿ ಅಕ್ರಮ ಯಾರಿಗೂ ಗೊತ್ತಿಲ್ಲದೆ ನಡೆಯುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬರೆದಿಟ್ಟಿರುವುದಿಲ್ಲ. ಗೊತ್ತಿರುವುದಕ್ಕೂ ದಾಖಲಾಗುವುದಕ್ಕೂ ನಡುವಿನ ಆ ಸಂದಿಯಲ್ಲೇ ಕಳ್ಳತನ ಬೆಳೆಯುತ್ತದೆ.

ಬರೆದಿಡುವುದರ ಬಲ ಏನೆಂದು ತಿಳಿಯಲು ಹಿರಿಯೂರಿಗೆ ಹೋಗಬೇಕು. ಮಳೆಗಾಲದಲ್ಲಿ ಅಲ್ಲಿಯ ರೈತ ಪತ್ರಿಕೆ ಬಿಡಿಸಿದರೆ ಮೊದಲು ಹುಡುಕುವುದು ವಾಣಿವಿಲಾಸ ಸಾಗರದ ನೀರಿನ ಮಟ್ಟವನ್ನು. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಆ ಅಣೆಕಟ್ಟೆ 1907ರಲ್ಲಿ ಮುಗಿಯಿತು. ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 89 ವರ್ಷ ಕಳೆದ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಇದನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ಅಲ್ಲಿ ಅಡಿ ಅಡಿಯನ್ನೂ ಅಳೆದು ಬರೆದಿಟ್ಟದ್ದರಿಂದ. ರಾಜರ ಕಾಲ ಹೋಯಿತು, ಸರ್ಕಾರಗಳು ಬಂದವು, ಬಿದ್ದವು. ಕಟ್ಟೆಯ ಮೇಲಿನ ಅಳತೆಗೋಲು ಬದಲಾಗಲಿಲ್ಲ. ನೀರು ಬಿಡುವ ವಿಚಾರದಲ್ಲಿ ಜಗಳ ಆಗಿರಬಹುದು, ಧರಣಿ ಆಗಿರಬಹುದು. ಆದರೆ ಕಟ್ಟೆಯಲ್ಲಿ ನೀರೆಷ್ಟಿದೆ ಎಂಬ ಬಗ್ಗೆ ಮಂತ್ರಿಯೂ ಸುಳ್ಳು ಹೇಳಲಾರ. ಅಂಕಿ ಎಲ್ಲರ ಕಣ್ಣ ಮುಂದಿದೆ.

ಅದೇ ಜಿಲ್ಲೆಯಲ್ಲಿ, ಅಲ್ಲಿಂದ ಅಷ್ಟೇನೂ ದೂರವಲ್ಲದ ಗುಡ್ಡಗಳಲ್ಲಿ, ಇನ್ನೊಂದು ಸಂಪತ್ತಿಗೆ ಅಂಥ ಅಳತೆಗೋಲು ಇರಲಿಲ್ಲ. ಅದು ಕಬ್ಬಿಣದ ಅದಿರು.

2003–04ರ ನಂತರ ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿತು. ಬೀಜಿಂಗ್ ಒಲಿಂಪಿಕ್ಸಿನ ಕಟ್ಟಡಗಳು ಮೇಲೇಳುತ್ತಿದ್ದ ಕಾಲ. ಅದುವರೆಗೆ ಯಾರೂ ತಿರುಗಿ ನೋಡದ ಪುಡಿ ಅದಿರಿಗೂ ಟನ್ನಿಗೆ ಸಾವಿರಗಟ್ಟಲೆ ಬೆಲೆ ಬಂತು. ಬಳ್ಳಾರಿಯ ಹೆಸರು ದೇಶಕ್ಕೆಲ್ಲ ಕೇಳಿಸಿತು. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗುಡ್ಡಗಳೂ ಅದೇ ವೇಗದಲ್ಲಿ ಕರಗುತ್ತಿದ್ದವು. ಸರ್ಕಾರಕ್ಕೆ ಬರುತ್ತಿದ್ದ ರಾಯಧನ ಎಷ್ಟು ಗೊತ್ತೆ? 2009ರ ಆಗಸ್ಟ್‌ವರೆಗೆ ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ ಗರಿಷ್ಠ 27 ರೂಪಾಯಿ. ಆಮೇಲಷ್ಟೇ ಬೆಲೆಯ ಶೇ 10ರಷ್ಟು ಎಂಬ ನಿಯಮ ಬಂತು. ಕಾನೂನಿನ ಪ್ರಕಾರವೇ ತೆಗೆದ ಅದಿರಿನಲ್ಲೂ ನಾಡಿನ ಪಾಲು ಒಂದು ಊಟದ ಬೆಲೆಯಷ್ಟಿತ್ತು ಎಂಬುದನ್ನು ಮರೆಯಬಾರದು. ಹಗರಣವೆಂದರೆ ಕಾನೂನು ಮುರಿದದ್ದು ಮಾತ್ರ ಎಂದು ನಾವು ತಿಳಿದಿದ್ದೇವೆ. ಕೆಲವೊಮ್ಮೆ ಕಾನೂನೇ ಕಳಪೆಯಾಗಿರುತ್ತದೆ, ಅದನ್ನು ಕೇಳುವವರಿರುವುದಿಲ್ಲ.

ಆ ದಿನಗಳಲ್ಲಿ ಭೀಮಸಮುದ್ರದ ಕಡೆಯ ಅಡಿಕೆ ತೋಟಗಳ ಮೇಲೆ ಕೆಂಪು ಧೂಳು ಕೂತಿರುತ್ತಿತ್ತು. ಹೊಳಲ್ಕೆರೆ ರಸ್ತೆಯಲ್ಲಿ ಬೈಕಿನವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಹೋಗುತ್ತಿದ್ದರು. ಒಂದು ರಾತ್ರಿ ನಾನು ರಸ್ತೆ ಬದಿಯ ಚಹದಂಗಡಿಯೊಂದರ ಬೆಂಚಿನ ಮೇಲೆ ಬೆಳಗಿನವರೆಗೂ ಕೂತಿದ್ದೆ. ಲಾರಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಓವರ್‌ಲೋಡ್ ಆಗಿ ಪಟ್ಟಿ ಬಾಗಿದ ಲಾರಿಗಳು, ಟಾರ್ಪಾಲು ಹೊದಿಸದವು, ನಂಬರ್ ಪ್ಲೇಟು ಮಣ್ಣಿನಲ್ಲಿ ಮುಚ್ಚಿಹೋದವು. ಅಂಗಡಿಯವನು ಹೇಳಿದ, "ಸಾರ್, ಇದರಲ್ಲಿ ಅರ್ಧಕ್ಕರ್ಧ ಪರ್ಮಿಟ್ ಇಲ್ದೇ ಹೋಗ್ತವೆ. ಇದು ಊರಿಗೇ ಗೊತ್ತು." ಮರುದಿನ ನಾನು ಬರೆದ ವರದಿ ಏನು? ಧೂಳಿನಿಂದ ಗ್ರಾಮಸ್ಥರಿಗೆ ತೊಂದರೆ, ಅಧಿಕಾರಿಗಳು ಗಮನ ಹರಿಸಲಿ. ಅಷ್ಟೇ. ಎಷ್ಟು ಲಾರಿ ಹೋದವು ಎಂದು ನಾನು ಎಣಿಸಲಿಲ್ಲ. ಆ ರಾತ್ರಿ ಎಷ್ಟು ಪರ್ಮಿಟ್ ಕೊಟ್ಟಿದ್ದರು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲಿಲ್ಲ. ಕಾಯ್ದೆ ಬಂದಿತ್ತು, ಅರ್ಜಿಗೆ ಹತ್ತು ರೂಪಾಯಿ ಸಾಕಿತ್ತು. ಈ ಮಾತನ್ನು ಈ ವೇದಿಕೆಯಲ್ಲಿ ಹೇಳದೆ ಹೋದರೆ ಉಪನ್ಯಾಸ ಕೊಡುವ ಅರ್ಹತೆ ನನಗಿಲ್ಲ. ನಾನು ಕಂಡೆ, ಆದರೆ ಲೆಕ್ಕ ಮಾಡಲಿಲ್ಲ.

ಲೆಕ್ಕ ಮಾಡಿದವರು ಬೇರೆಯವರು. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಲೋಕಾಯುಕ್ತರಾಗಿದ್ದಾಗ, ಅರಣ್ಯ ಸೇವೆಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಕಾಗದದ ಬೆಟ್ಟ ಅಗೆಯಿತು. ಅವರು ಹಿಡಿದ ದಾರಿ ಸರಳ. ಗಣಿಯಿಂದ ಸಾಗಿಸಲು ಕೊಟ್ಟ ಪರ್ಮಿಟ್ ಎಷ್ಟು, ಬಂದರಿನಿಂದ ಹಡಗಿಗೆ ಏರಿದ್ದು ಎಷ್ಟು ಎಂದು ಪಕ್ಕ ಪಕ್ಕ ಇಟ್ಟು ನೋಡಿದರು. ಎರಡು ಪುಸ್ತಕಗಳ ನಡುವಿನ ವ್ಯತ್ಯಾಸವೇ ಕಳ್ಳತನ. 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿದೆ ಎಂದು 2011ರ ಜುಲೈ 27ರಂದು ಸಲ್ಲಿಸಿದ ವರದಿ ಹೇಳಿತು. ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಅನುಬಂಧಗಳೂ ಸೇರಿ ವರದಿ 25,000 ಪುಟ ದಾಟಿತ್ತು. ನಾಲ್ಕು ದಿನಕ್ಕೆ, ಜುಲೈ 31ರಂದು, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಈ ಲೆಕ್ಕ ಬರೆದವರಿಗೆ ಸುಲಭದ ದಾರಿ ಇರಲಿಲ್ಲ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ್ದ ಅದಿರೇ ಲಕ್ಷಾಂತರ ಟನ್ ಮಾಯವಾಯಿತು. ಜಪ್ತಿ ಮಾಡಿದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರನ್ನೇ ಅಮಾನತು ಮಾಡಲು ಸರ್ಕಾರ ಹೊರಟಿತು. ಅದನ್ನು ಪ್ರತಿಭಟಿಸಿ ಲೋಕಾಯುಕ್ತರು ರಾಜೀನಾಮೆ ಬರೆದರು. ಕೆಲವು ದಿನಗಳ ನಂತರ ಹಿಂತೆಗೆದುಕೊಂಡರು. ಕಳ್ಳ ಮಾಲನ್ನು ಎಣಿಸಿದವನಿಗೆ ಮೊದಲ ಶಿಕ್ಷೆ ಎಂಬುದು ನಮ್ಮ ಆಡಳಿತದ ಹಳೆಯ ರೋಗ.

ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆ ನಿಂತಿತು. ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಅಳೆದು, ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದರು. ಎ ವರ್ಗದಲ್ಲಿ 45, ಬಿ ವರ್ಗದಲ್ಲಿ 72, ಸಿ ವರ್ಗದಲ್ಲಿ 49. ಗಡಿ ಮೀರಿ ಅಗೆದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಗಡಿ ಮೀರಿ ಮಣ್ಣು ಸುರಿದ ಜಾಗಕ್ಕೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕಾಯಿತು. 2013ರ ಏಪ್ರಿಲ್ 18ರ ತೀರ್ಪು ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಚಿತ್ರದುರ್ಗ–ತುಮಕೂರು ಎರಡೂ ಸೇರಿ ವರ್ಷಕ್ಕೆ 50 ಲಕ್ಷ ಟನ್ ಮೀರುವಂತಿಲ್ಲ ಎಂಬ ಮಿತಿ ಬಂತು. ಊರಿಗೆ ಗೊತ್ತಿದ್ದದ್ದು ಹತ್ತು ವರ್ಷ ತಡವಾಗಿ ಕಾಗದಕ್ಕೆ ಬಂದಿತ್ತು.

ಆ ತಡಕ್ಕೆ ಬೆಲೆ ತೆತ್ತವರು ಯಾರು? ಗಣಿ ನಿಂತ ಮೇಲೆ, ಫೈನಾನ್ಸಿನಲ್ಲಿ ಲಾರಿ ತೆಗೆದುಕೊಂಡಿದ್ದ ಹುಡುಗರು ಕಂತು ಕಟ್ಟಲಾಗದೆ ಲಾರಿ ಬಿಟ್ಟುಕೊಟ್ಟರು. ಡ್ರೈವರ್, ಕ್ಲೀನರ್, ಪಂಕ್ಚರ್ ಅಂಗಡಿಯವನು, ಆ ಚಹದಂಗಡಿಯವನು, ಎಲ್ಲರ ಒಲೆ ತಣ್ಣಗಾಯಿತು. ಮೊದಲ ವರ್ಷವೇ ಲೆಕ್ಕ ಕೇಳಿದ್ದರೆ ತಪ್ಪು ಮಾಡಿದವನೊಬ್ಬನ ಗಣಿ ನಿಲ್ಲುತ್ತಿತ್ತು. ಏಳೆಂಟು ವರ್ಷ ಸುಮ್ಮನಿದ್ದದ್ದಕ್ಕೆ ಇಡೀ ಜಿಲ್ಲೆಯ ಗಣಿ ನಿಲ್ಲಿಸಬೇಕಾಯಿತು. ತಡವಾದ ಲೆಕ್ಕದ ಬಡ್ಡಿಯನ್ನು ಬಡವನೇ ಕಟ್ಟುತ್ತಾನೆ.

ಇಲ್ಲಿ ನನ್ನ ವೃತ್ತಿಯ ಗೆಳೆಯರಿಗೆ ಒಂದು ಮಾತು ಹೇಳಬೇಕು. ಯಡಿಯೂರಪ್ಪನವರು ರಾಜೀನಾಮೆ ಕೊಟ್ಟ ಸುದ್ದಿ ಎಲ್ಲ ಪತ್ರಿಕೆಗಳ ಮುಖಪುಟ ತುಂಬಿತ್ತು. ಗಣಿ ಕಂಪನಿಯಿಂದ ದೇಣಿಗೆ ಪಡೆದ ಆರೋಪದ ಪ್ರಕರಣದಲ್ಲಿ 2016ರ ಅಕ್ಟೋಬರಿನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಆರೋಪವನ್ನು ಅಚ್ಚು ಮಾಡಿದವನು ಖುಲಾಸೆಯನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಬೇಕು. ಪತ್ರಿಕೆಯ ಕೆಲಸ ತೀರ್ಪು ಕೊಡುವುದಲ್ಲ. ಒಬ್ಬ ರಾಜಕಾರಣಿ ಗೆದ್ದನೋ ಸೋತನೋ ಎಂಬುದರಲ್ಲೇ ಕಥೆ ಮುಗಿಸಿಬಿಟ್ಟರೆ, ಹೋದ 2.98 ಕೋಟಿ ಟನ್ನಿನ ಪ್ರಶ್ನೆ ಹಾಗೇ ಉಳಿಯುತ್ತದೆ. ವ್ಯಕ್ತಿಯ ಹಿಂದೆ ಓಡಿದ ನಾವು ಅದಿರಿನ ಹಿಂದೆ ಓಡಲಿಲ್ಲ.

ಚಿತ್ರದುರ್ಗ ಚಿಕ್ಕ ಜಿಲ್ಲೆ ಎನ್ನುತ್ತೇವೆ. 2011ರ ಜನಗಣತಿಯಲ್ಲಿ ನಮ್ಮ ಜನಸಂಖ್ಯೆ 16.59 ಲಕ್ಷ. ಐಸ್‌ಲ್ಯಾಂಡ್ ಎಂಬ ಇಡೀ ದೇಶದಲ್ಲಿ ಆಗ ನಮ್ಮ ಸುಮಾರು ಐದನೇ ಒಂದು ಪಾಲು ಜನರಿದ್ದರು. 2016ರಲ್ಲಿ, ವಿದೇಶಿ ಕಂಪನಿಗಳಲ್ಲಿ ಬಚ್ಚಿಟ್ಟ ಹಣದ ಗುಟ್ಟು ಬಿಚ್ಚಿಟ್ಟ ಪನಾಮಾ ಕಾಗದಪತ್ರಗಳು ಹೊರಬಿದ್ದಾಗ, ಅಲ್ಲಿಯ ಪ್ರಧಾನಿಗೆ ವಿದೇಶಿ ಕಂಪನಿಯೊಂದರ ನಂಟಿದ್ದದ್ದು ಬಯಲಾಯಿತು. ಸಂದರ್ಶನದಲ್ಲಿ ಆ ಪ್ರಶ್ನೆ ಬಂದೊಡನೆ ಅವರು ಎದ್ದು ಹೋದರು. ಆ ದೃಶ್ಯ ಏಪ್ರಿಲ್ 3ರಂದು ಟಿವಿಯಲ್ಲಿ ಬಂತು. ಜನ ಸಂಸತ್ತಿನ ಮುಂದೆ ಸೇರಿದರು. ಎರಡೇ ದಿನಕ್ಕೆ ಪ್ರಧಾನಿ ಹುದ್ದೆ ಬಿಟ್ಟರು. ಎಲ್ಲರೂ ಎಲ್ಲರಿಗೂ ಗೊತ್ತಿರುವ ನಾಡು ಅದು. ಪತ್ರಕರ್ತನ ಕೈಯಲ್ಲಿ ಕಾಗದವಿತ್ತು, ಆದ್ದರಿಂದ ಪರಿಚಯ, ದಾಕ್ಷಿಣ್ಯ ಅಡ್ಡ ಬರಲಿಲ್ಲ.

ಇನ್ನೊಂದು ಚಿಕ್ಕ ದೇಶ ಮಾಲ್ಟಾ. 316 ಚದರ ಕಿಲೋಮೀಟರ್, ನಮ್ಮ ಒಂದು ತಾಲ್ಲೂಕಿಗಿಂತಲೂ ಸಣ್ಣದು. ಅಲ್ಲಿಯ ಪತ್ರಕರ್ತೆ ಡ್ಯಾಫ್ನೆ ಕರುವಾನಾ ಗಲಿಝಿಯಾ ಅಧಿಕಾರಸ್ಥರ ವ್ಯವಹಾರಗಳನ್ನು ಬಯಲಿಗೆಳೆಯುತ್ತಿದ್ದವರು. ಅವರ ಮೇಲೆ ನಲವತ್ತಕ್ಕೂ ಹೆಚ್ಚು ಮಾನನಷ್ಟ ಮೊಕದ್ದಮೆಗಳಿದ್ದವು. 2017ರ ಅಕ್ಟೋಬರ್ 16ರಂದು ಕಾರಿನಲ್ಲಿ ಬಾಂಬಿಟ್ಟು ಅವರನ್ನು ಕೊಂದರು. ಅದಕ್ಕೆ ಆರು ವಾರ ಮೊದಲು, ಸೆಪ್ಟೆಂಬರ್ 5ರಂದು, ಬೆಂಗಳೂರಿನ ತಮ್ಮ ಮನೆಯ ಬಾಗಿಲಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಗುಂಡಿಗೆ ಬಲಿಯಾಗಿದ್ದರು. ಎರಡು ಕೊಲೆಗಳ ಕಾರಣ ಬೇರೆ ಇರಬಹುದು, ಬಾಯಿ ಮುಚ್ಚಿಸುವ ಉದ್ದೇಶ ಒಂದೇ. ಮಾಲ್ಟಾದ ಸಾರ್ವಜನಿಕ ತನಿಖಾ ಮಂಡಳಿ 2021ರಲ್ಲಿ, ಏನು ಮಾಡಿದರೂ ನಡೆಯುತ್ತದೆ ಎಂಬ ವಾತಾವರಣ ಬೆಳೆಯಲು ಬಿಟ್ಟ ರಾಜ್ಯವೇ ಹೊಣೆ ಹೊರಬೇಕು ಎಂದು ಹೇಳಿತು. ನಮ್ಮಲ್ಲಿ 2017ರ ಜೂನಿನಲ್ಲಿ ವಿಧಾನಸಭೆಯೇ ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಸಂಪಾದಕರಿಗೆ ಒಂದು ವರ್ಷ ಸೆರೆವಾಸ ಘೋಷಿಸಿತ್ತು. ಬರೆದದ್ದು ಸುಳ್ಳಾದರೆ ಅದಕ್ಕೆ ನ್ಯಾಯಾಲಯಗಳಿವೆ. ದೂರು ಕೊಟ್ಟವರೇ ತೀರ್ಪುಗಾರರಾದರೆ ಅದು ನ್ಯಾಯವಾಗುವುದಿಲ್ಲ.

ಕರ್ನಾಟಕಕ್ಕೆ ಹೊಣೆಗಾರಿಕೆಯ ಪರಂಪರೆ ಇಲ್ಲದೆ ಇಲ್ಲ. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಜಾಹೀರಾತನ್ನು ನಂಬದೆ ಓದುಗರ ದುಡ್ಡಿನಲ್ಲೇ ನಡೆಯಿತು. ಪುಟ್ಟ ಊರುಗಳ ಯಜಮಾನಿಕೆಯನ್ನೂ ವಿಧಾನಸೌಧದಷ್ಟೇ ಗಂಭೀರವಾಗಿ ಅದು ಕೆದಕಿತು. ಲೋಕಾಯುಕ್ತ ಕಾಯ್ದೆ ತಂದದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರ, 1984ರಲ್ಲಿ. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಚಾರದಲ್ಲಿ ಹೈಕೋರ್ಟ್ ಕಟುವಾಗಿ ಟೀಕಿಸಿದಾಗ 1986ರಲ್ಲಿ ಅವರೇ ರಾಜೀನಾಮೆ ಕೊಟ್ಟು, ದಿನಗಳಲ್ಲೇ ಮರಳಿದರು. ಫೋನ್ ಕದ್ದಾಲಿಕೆಯ ಆರೋಪದ ಮೇಲೆ 1988ರ ಆಗಸ್ಟಿನಲ್ಲಿ ಹುದ್ದೆ ಬಿಟ್ಟರು. ಕಾವಲಿನ ಸಂಸ್ಥೆ ಕಟ್ಟಿದವರೂ ಪ್ರಶ್ನೆಗೆ ಹೊರತಲ್ಲ ಎಂಬ ಪಾಠ ಆಗಲೇ ಸಿಕ್ಕಿತ್ತು.

ಆ ಸಂಸ್ಥೆಯೂ ಹೊರತಾಗಲಿಲ್ಲ. 2015ರಲ್ಲಿ ಲೋಕಾಯುಕ್ತ ಕಚೇರಿಯ ಹೆಸರಿನಲ್ಲೇ ಅಧಿಕಾರಿಗಳಿಂದ ಹಣ ಕೇಳಲಾಗಿದೆ ಎಂಬ ಆರೋಪ ಎದ್ದಿತು. ಅದು ಹೊರಬರಲು ಕಾರಣ ಅದೇ ಸಂಸ್ಥೆಯ ಎಸ್‌ಪಿ ಸೋನಿಯಾ ನಾರಂಗ್ ಬರೆದ ಒಂದು ಪತ್ರ. ಇಲ್ಲೂ ಒಬ್ಬರು ಬರೆದಿಟ್ಟರು ಎಂಬುದನ್ನು ಗಮನಿಸಿ. ಲೋಕಾಯುಕ್ತ ವೈ. ಭಾಸ್ಕರ ರಾವ್ ಆ ವರ್ಷದ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ರೋಗಕ್ಕೆ ಮದ್ದು ಕೊಡುವ ಬದಲು ಸರ್ಕಾರ 2016ರ ಮಾರ್ಚಿನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿ, ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡಿತು. ಆರು ವರ್ಷ ಕಳೆದ ಮೇಲೆ, 2022ರ ಆಗಸ್ಟ್ 11ರಂದು, ಹೈಕೋರ್ಟ್ ಆ ದಳವನ್ನು ರದ್ದು ಮಾಡಿತು. ಸಂಸ್ಥೆಗಳು ಬೇಕು, ಆದರೆ ಅವನ್ನೇ ನಂಬಿ ಕೈಕಟ್ಟಿ ಕೂರುವಂತಿಲ್ಲ.

ಕೊನೆಗೂ ಲೆಕ್ಕ ಕೇಳಬೇಕಾದವನು ಮತದಾರ. ಇದಕ್ಕೆ ಸಾಕ್ಷಿ ನನ್ನ ಹೊಸದುರ್ಗದಲ್ಲೇ ಇದೆ. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಿಂದ ನಿಂತಿದ್ದರು. ಒಮ್ಮೆ ಮುಖ್ಯಮಂತ್ರಿಯಾಗಿದ್ದವರು, ಏಕೀಕರಣದ ಮುಂಚೂಣಿಯಲ್ಲಿ ದುಡಿದವರು, ಮತ್ತೆ ಮುಖ್ಯಮಂತ್ರಿ ಆಗಲಿದ್ದವರು. ಹೊಸದುರ್ಗದ ಜನ ಅವರನ್ನು ಸೋಲಿಸಿ, ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರನ್ನು ಗೆಲ್ಲಿಸಿದರು. ರಾಜ್ಯಕ್ಕೆ ಕೆಲವು ತಿಂಗಳು ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾಗಬೇಕಾಯಿತು. ನಿಜಲಿಂಗಪ್ಪನವರ ಪ್ರಾಮಾಣಿಕತೆಯನ್ನು ಎದುರಾಳಿಗಳೂ ಪ್ರಶ್ನಿಸುತ್ತಿರಲಿಲ್ಲ. ಅಧಿಕಾರ ಹೋದ ಮೇಲೆ ಇದೇ ಚಿತ್ರದುರ್ಗದ ಮನೆಯಲ್ಲಿ ಸರಳವಾಗಿ ಬದುಕಿ, 2000ದ ಆಗಸ್ಟ್ 8ರಂದು ತೀರಿಕೊಂಡರು. ಸೀಬಾರದಲ್ಲಿ ಅವರ ಸ್ಮಾರಕವಿದೆ. ಅಂಥ ದೊಡ್ಡವರಿಗೂ ಈ ತಾಲ್ಲೂಕು ಇಲ್ಲ ಎಂದು ಹೇಳಿತ್ತು, ಅವರು ಅದನ್ನು ಒಪ್ಪಿದ್ದರು. ಇಬ್ಬರ ಘನತೆಯೂ ಅದರಲ್ಲಿದೆ. ನಮ್ಮ ಅಜ್ಜಂದಿರಿಗೆ ಇದ್ದ ಆ ಧೈರ್ಯ ನಮಗೆ ಇಲ್ಲವೇಕೆ?

ದಾಕ್ಷಿಣ್ಯ ಎಂಬುದೇ ಉತ್ತರ. ಗುತ್ತಿಗೆದಾರ ನಮ್ಮ ಬೀಗರ ಕಡೆಯವನು. ಇಂಜಿನಿಯರ್ ನಮ್ಮ ಮಗನ ಗೆಳೆಯನ ತಂದೆ. ಪತ್ರಿಕೆಗೆ ಹಬ್ಬದ ಶುಭಾಶಯದ ಜಾಹೀರಾತು ಕೊಡುವವನು ಅದೇ ನಾಯಕ. ನಾಳೆ ಮದುವೆ ಮನೆಯಲ್ಲಿ ಮುಖ ನೋಡಬೇಕಲ್ಲ ಎಂದು ವರದಿಗಾರನೂ ಸುಮ್ಮನಾಗುತ್ತಾನೆ, ಓದುಗನೂ ಸುಮ್ಮನಾಗುತ್ತಾನೆ. ಇದಕ್ಕೆ ನಾನು ಕಂಡ ಮದ್ದು ಒಂದೇ. ವ್ಯಕ್ತಿಯನ್ನು ಬೈಯುವುದನ್ನು ಬಿಟ್ಟು ಪುಸ್ತಕವನ್ನು ಕೇಳುವುದು. ಜಾತ್ರೆ ಮುಗಿದ ಮೇಲೆ ಊರಿನ ಕಟ್ಟೆಯಲ್ಲಿ ಕೂತು ವಂತಿಗೆ ಎಷ್ಟು, ಖರ್ಚು ಎಷ್ಟು ಎಂದು ಓದಿ ಹೇಳುವಾಗ ಯಾರಿಗೂ ಅವಮಾನವಾಗುವುದಿಲ್ಲ. ಲೆಕ್ಕ ಒಪ್ಪಿಸುವುದು ನಮ್ಮ ಊರುಗಳ ಹಳೆಯ ಮರ್ಯಾದೆ. ಅದನ್ನು ಪಂಚಾಯಿತಿಗೂ ಜಿಲ್ಲಾಡಳಿತಕ್ಕೂ ವಿಸ್ತರಿಸಬೇಕು.

ಕೇಳಬೇಕಾದ ಪುಸ್ತಕಗಳು ಯಾವುವು? ಮೊದಲನೆಯದು ಜಮಾಬಂದಿ. ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ಪದ್ಧತಿ ನಮ್ಮ ಪಂಚಾಯತ್ ರಾಜ್ ನಿಯಮಗಳಲ್ಲೇ ಇದೆ. ಎಷ್ಟು ಊರುಗಳಲ್ಲಿ ಇದಕ್ಕೆ ಜನ ಸೇರುತ್ತಾರೆ?

ಎರಡನೆಯದು ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ. 2015ರ ತಿದ್ದುಪಡಿಯ ಪ್ರಕಾರ ಗಣಿ ಗುತ್ತಿಗೆದಾರರು ರಾಯಧನದ ಶೇ 10ರಷ್ಟು, ಹಳೆಯ ಗುತ್ತಿಗೆಯಾದರೆ ಶೇ 30ರಷ್ಟು, ಗಣಿಯಿಂದ ನೊಂದ ಊರುಗಳಿಗಾಗಿ ಕಟ್ಟಬೇಕು. ಅದರ ಜೊತೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆ ಕೂಡಿಟ್ಟ ಸಾವಿರಾರು ಕೋಟಿ ಇದೆ. ಧೂಳು ಕುಡಿದ ಊರಿಗೆ ಅದರಲ್ಲಿ ಎಷ್ಟು ಬಂತು, ಎಷ್ಟು ಬೇರೆಲ್ಲೋ ಕಾಂಪೌಂಡು, ಕಮಾನುಗಳಿಗೆ ಹೋಯಿತು ಎಂದು ಕೇಳುವ ಹಕ್ಕು ಆ ಊರಿಗಿದೆ.

ಮೂರನೆಯದು ಇವತ್ತಿನ ಅದಿರು. 2022ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ಆಗಲೇ 70 ಲಕ್ಷ ಟನ್ನಿಗೆ ಏರಿದ್ದ ಚಿತ್ರದುರ್ಗ–ತುಮಕೂರಿನ ವಾರ್ಷಿಕ ಮಿತಿಯನ್ನು 1.5 ಕೋಟಿ ಟನ್ನಿಗೆ ಏರಿಸಿತು. 2013ರ ಮಿತಿಯ ಮೂರು ಪಟ್ಟು ಅದಿರು ಹೊರಡಬಹುದಾದ ದಾರಿಯಲ್ಲಿ ಎಣಿಸುವ ಕಣ್ಣೂ ಮೂರು ಪಟ್ಟು ಇರಬೇಕು. ಮಾರಿಕಣಿವೆಯ ನೀರಿನ ಮಟ್ಟದಂತೆ, ಜಿಲ್ಲೆಯಿಂದ ಹೊರಟ ಅದಿರಿನ ಟನ್ನೇಜನ್ನೂ ಸಿಕ್ಕ ರಾಯಧನವನ್ನೂ ಪತ್ರಿಕೆಗಳು ತಿಂಗಳು ತಿಂಗಳು ಅಚ್ಚು ಮಾಡಲಿ. ನಾಲ್ಕು ಪುಟದ ಸ್ಥಳೀಯ ಪತ್ರಿಕೆಗೂ ಅದಕ್ಕೆ ನಾಲ್ಕು ಸಾಲು ಸಾಕು.

ನಾಲ್ಕನೆಯದು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಈ ಬರಗಾಲದ ಸೀಮೆಯ ರೈತ ಅಂದಿನಿಂದ ಆ ಅಂಕಿಯನ್ನು ಬಾಯಿಪಾಠ ಮಾಡಿದ್ದಾನೆ. ಘೋಷಿಸಿದ್ದು ಎಷ್ಟು, ಕೈಗೆ ಬಂದದ್ದು ಎಷ್ಟು, ಖರ್ಚಾದದ್ದು ಎಷ್ಟು, ಯಾವ ಊರಿನವರೆಗೆ ಕಾಲುವೆ ಬಂತು? ಕೇಂದ್ರ ರಾಜ್ಯವನ್ನು, ರಾಜ್ಯ ಕೇಂದ್ರವನ್ನು ತೋರಿಸುವುದು ಉತ್ತರವಲ್ಲ. ಎರಡೂ ತಮ್ಮ ಪುಸ್ತಕವನ್ನು ತೆರೆದು ತೋರಿಸಲಿ.

ಮಾಹಿತಿ ಹಕ್ಕಿನ ಅರ್ಜಿಗೆ ಇವತ್ತೂ ಹತ್ತೇ ರೂಪಾಯಿ, ಬಡತನದ ರೇಖೆಗಿಂತ ಕೆಳಗಿದ್ದವರಿಗೆ ಅದೂ ಇಲ್ಲ. ಉತ್ತರಕ್ಕೆ ಮೂವತ್ತು ದಿನ. ವೈಯಕ್ತಿಕ ಮಾಹಿತಿಯ ರಕ್ಷಣೆಯ ಹೆಸರಿನಲ್ಲಿ 2023ರ ಕಾನೂನು ಆ ಕಾಯ್ದೆಯ ಬಾಗಿಲನ್ನು ಕಿರಿದು ಮಾಡಿದೆ. ಮುಚ್ಚಿಹೋಗುವ ಮೊದಲು ಅದನ್ನು ಬಳಸಬೇಕು. ಬಳಸಿದ ಬಾಗಿಲನ್ನು ಮುಚ್ಚುವುದು ಕಷ್ಟ.

ಈ ದತ್ತಿಯ ಅಸಲನ್ನು ಯಾರಾದರೂ ತೆಗೆದು ತಿಂದರೆ ನೀವು ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತು. ಗುಡ್ಡದ ಅದಿರು, ಕಟ್ಟೆಯ ನೀರು, ಪಂಚಾಯಿತಿಯ ತೆರಿಗೆ ಹಣ, ಇವೂ ನಮ್ಮ ಹಿರಿಯರು ಇಟ್ಟುಹೋದ ದತ್ತಿಯೇ. ನೀರು ಮತ್ತೆ ಬರುತ್ತದೆ, ಅದಿರು ಬರುವುದಿಲ್ಲ. ಆದ್ದರಿಂದ ಒಂದೇ ಕೋರಿಕೆ. ಈ ಸಭೆಯಿಂದ ಹೋದ ಮೇಲೆ ಪ್ರತಿಯೊಬ್ಬರೂ ನಿಮ್ಮ ಪಂಚಾಯಿತಿಯ ಜಮಾಬಂದಿ ಯಾವ ದಿನ ಎಂದು ವಿಚಾರಿಸಿ, ಆ ದಿನ ಒಂದು ನೋಟ್‌ಬುಕ್, ಒಂದು ಪೆನ್ನು ಹಿಡಿದು ಮುಂದಿನ ಸಾಲಿನಲ್ಲಿ ಕೂರಿ. ಓದಿ ಹೇಳಿದ್ದನ್ನು ಬರೆದುಕೊಳ್ಳಿ, ಓದದೆ ಬಿಟ್ಟದ್ದನ್ನು ಕೇಳಿ. ಆ ರಾತ್ರಿ ಚಹದಂಗಡಿಯ ಬೆಂಚಿನ ಮೇಲೆ ನಾನು ಮಾಡದೆ ಬಿಟ್ಟ ಕೆಲಸವನ್ನು ನೀವು ಮಾಡಿ.